ತೊಂಬತ್ತೇಳನೇ ಹಲ್ಲು

ಗೇರ್ ಶಾಪಿಗೆ ಹೊಸದಾಗಿ ಸೇರಿದ ಮಕ್ಕಳು ಭಾನುವಾರ ಆಗಾಗ ನಮ್ಮ ಮನೆಗೆ ಬರ್ತಾರೆ. ಚಿಕ್ಕಬಾಣಾವರ ಸ್ಟೇಷನ್ನಿಂದ ನಡ್ಕೊಂಡು ಬರೋಷ್ಟು ಹತ್ತಿರ. ಕಾಫಿ ಕುಡೀತಾ, ಮೇಡಂ ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಹೇಳಿ ಅಂತಾರೆ. ಅವರಿಗೆ ಬೇಕಾಗಿರೋದು ನಾನು ಹೇಗೆ ಮೇಲೆ ಬಂದೆ ಅನ್ನೋ ಕತೆ. ನಾನು ಮೇಲೂ ಬರಲಿಲ್ಲ, ಕೆಳಗೂ ಹೋಗಲಿಲ್ಲ ಕಣ್ರಪ್ಪ. ಪೀಣ್ಯದ ಒಂದೇ ಫ್ಯಾಕ್ಟರಿ, ಒಂದೇ ಪ್ಲಾನಿಂಗ್ ರೂಮು, ಫ್ಯಾನ್ ಗಾಳಿ ಬರದ ಅದೇ ಮೂಲೆ. ಕೊನೇ ಒಂದು ವರ್ಷ ಬಿಟ್ರೆ ಕೆಲಸದ ಕಾಲವೆಲ್ಲಾ ಅಲ್ಲೇ ಕಳೀತು. ನನ್ನ ಹತ್ರ ಹೇಳೋದಕ್ಕೆ ಇರೋದು ಒಂದು ಸಂಖ್ಯೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೀತಿದ್ದೀನಿ.

ಸಂಖ್ಯೆ ಏಳು ಲಕ್ಷದ ಹದಿನಾರು ಸಾವಿರದ ಐನೂರ ಮೂವತ್ತೊಂಬತ್ತು.

ನಾನು ಮೊದಲು ಇದನ್ನ ನೋಡಿದ್ದು ಇಂಟರ್‌ವ್ಯೂನಲ್ಲಿ. ನಮ್ಮಪ್ಪ ಸರ್ಕಾರಿ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಇದ್ದವರು, ಹಟ ಹಿಡಿದು ನನಗೆ ಮೆಕ್ಯಾನಿಕಲ್ ಡಿಪ್ಲೊಮಾ ಓದಿಸಿದ್ರು. ಇಂಟರ್‌ವ್ಯೂಗೆ ಹೋದ್ರೆ ಆಫೀಸಿನವರು ಟೈಪಿಂಗ್ ಬರುತ್ತಾ ಅಂತ ಕೇಳಿದ್ರು. ಮೈ ಉರಿದುಹೋಯ್ತು. ಬರಲ್ಲ ಅಂದೆ. ಆಗ ಒಳಗಿಂದ ಪ್ಲಾನಿಂಗ್ ನೋಡ್ಕೋತಿದ್ದ ಮೂರ್ತಿ ಸಾರ್ ಬಂದು, ಒಂದು ಚೀಟಿ ಮೇಲೆ ಈ ಸಂಖ್ಯೆ ಬರೆದು ಮುಂದಿಟ್ಟು, ಇದನ್ನ ಒಡೀಮ್ಮ, ಅಂದು ಹೊರಟುಹೋದ್ರು.

ಒಡೆಯೋದು ಅಂದ್ರೆ ಯಾವ ಯಾವ ಸಂಖ್ಯೆ ಗುಣಿಸಿದ್ರೆ ಇದು ಬರುತ್ತೆ ಅಂತ ಹುಡುಕೋದು. ಎರಡರಿಂದ ಹೋಗಲ್ಲ, ಕಣ್ಣಿಗೇ ಕಾಣುತ್ತೆ. ಅಂಕಿ ಎಲ್ಲಾ ಕೂಡಿಸಿದ್ರೆ ಮೂವತ್ತೊಂದು, ಹಾಗಾಗಿ ಮೂರರಿಂದಲೂ ಹೋಗಲ್ಲ. ಏಳು, ಹನ್ನೊಂದು, ಹದಿಮೂರು, ಎಲ್ಲಾ ಹಾಕಿ ನೋಡಿದೆ, ಪ್ರತಿ ಸಲವೂ ಏನೋ ಒಂದು ಉಳಿಯೋದು. ಅಷ್ಟು ದೊಡ್ಡ ಸಂಖ್ಯೆ, ಸಣ್ಣ ಸಂಖ್ಯೆ ಒಂದೂ ಅದರೊಳಗೆ ನುಗ್ಗೋದಿಲ್ಲ. ಎಂಬತ್ತಮೂರಕ್ಕೆ ಬಂದಾಗ ಒಡೀತು. ಉಳಿದದ್ದು ಎಂಟು ಸಾವಿರದ ಆರುನೂರ ಮೂವತ್ತಮೂರು. ಅದಕ್ಕೂ ಎಂಬತ್ತಮೂರು ಹಾಕಿದೆ, ಒಂದು ಉಳೀತು. ಹಾಳಾದ್ದು ಒಂದು. ಆಮೇಲೆ ಎಂಬತ್ತೊಂಬತ್ತು ಹಾಕಿದೆ, ಸರಿಯಾಗಿ ಹೋಯ್ತು, ತೊಂಬತ್ತೇಳು ಬಂತು. ಎಂಬತ್ತಮೂರು, ಎಂಬತ್ತೊಂಬತ್ತು, ತೊಂಬತ್ತೇಳು. ಮೂರೂ ಅವಿಭಾಜ್ಯ, ಇನ್ನು ಒಡೆಯೋದಕ್ಕೆ ಬರಲ್ಲ. ಮೂರ್ತಿ ಸಾರ್ ಹಾಳೆ ನೋಡಿ, ಸೋಮವಾರ ಬಾಮ್ಮ ಅಂದ್ರು. ಅವತ್ತಿಂದ ಅವರು ನನ್ನ ಗುರುಗಳು. ಈ ಮಾತನ್ನ ನಾನು ಹಿಂದಕ್ಕೆ ತಗೊಳ್ಳೋದಿಲ್ಲ, ಮುಂದೆ ಏನೇ ಬರೆದ್ರೂ.

ಅದು ಸುಮ್ಮನೆ ಆರಿಸಿದ ಸಂಖ್ಯೆ ಅಲ್ಲ. ನಮ್ಮ ಫ್ಯಾಕ್ಟರಿಯ ಕ್ರೇನ್ ಗೇರ್‌ಬಾಕ್ಸಿನದು. ಭಾರ ಎತ್ತೋ ಕ್ರೇನಲ್ಲಿ ಮೋಟರು ಜೋರಾಗಿ ತಿರುಗುತ್ತೆ, ಹಗ್ಗ ಸುತ್ತೋ ಡ್ರಮ್ಮು ನಿಧಾನವಾಗಿ ತಿರುಗ್ಬೇಕು. ಮಧ್ಯದಲ್ಲಿ ಮೂರು ಜೊತೆ ಗೇರು. ಒಂದೊಂದು ಜೊತೇಲೂ ಒಂದು ಪುಟ್ಟ ಪಿನಿಯನ್ನು, ಒಂದು ದೊಡ್ಡ ಚಕ್ರ. ದೊಡ್ಡ ಚಕ್ರಗಳ ಹಲ್ಲು ತೊಂಬತ್ತೇಳು, ಎಂಬತ್ತೊಂಬತ್ತು, ಎಂಬತ್ತಮೂರು. ಈ ಮೂರನ್ನೂ ಆರಿಸಿದವರು ಮೂರ್ತಿ ಸಾರೇ. ಯಾಕೆ ಸಾರ್ ಇಂಥಾ ಒರಟು ಸಂಖ್ಯೆಗಳು, ಸಲೀಸಾಗಿ ಒಡೆಯೋ ತೊಂಬತ್ತಾರು ಹಾಕಬಾರದಾ ಅಂತ ನಾನೊಂದು ದಿನ ಕೇಳ್ದೆ. ಅವರು ಮದುವೆ ಊಟದ ಪಂಕ್ತಿ ಹೇಳಿ ತಿಳಿಸಿದ್ರು.

ದುಂಡಗೆ ಹಾಕಿದ ಪಂಕ್ತಿ, ತೊಂಬತ್ತಾರು ಎಲೆ. ಬಡಿಸೋರು ಇಪ್ಪತ್ತನಾಲ್ಕು ಜನ, ಸಾಲಾಗಿ ಸುತ್ತು ಬರ್ತಾ ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಎಲೆಗೆ ಬಡಿಸ್ತಾರೆ. ಇಪ್ಪತ್ತನಾಲ್ಕು ನಾಲ್ಕಲಿ ತೊಂಬತ್ತಾರು. ಹಾಗಾಗಿ ಎಷ್ಟು ಸುತ್ತು ಬಂದ್ರೂ ಒಬ್ಬನಿಗೆ ಸಿಗೋದು ಅದೇ ನಾಲ್ಕು ಎಲೆ. ಅವರಲ್ಲೊಬ್ಬ ಉಪ್ಪು ಜಾಸ್ತಿ ಹಾಕೋನಿದ್ರೆ ಆ ನಾಲ್ಕು ಜನ ಸತ್ರು ಅಂತಲೇ ಲೆಕ್ಕ, ಮಿಕ್ಕವರಿಗೆ ಗೊತ್ತೂ ಆಗಲ್ಲ. ಒಂದು ಎಲೆ ಜಾಸ್ತಿ ಹಾಕಿ, ತೊಂಬತ್ತೇಳು ಮಾಡಿ. ಪ್ರತಿ ಸುತ್ತಿಗೂ ಸರದಿ ಒಂದೊಂದು ಜರುಗುತ್ತೆ. ಉಪ್ಪಿನವನು ಎಲ್ಲರಿಗೂ ಒಂದೊಂದು ಸಲ ಸಿಗ್ತಾನೆ, ಯಾರಿಗೂ ಮತ್ತೆ ಮತ್ತೆ ಸಿಗಲ್ಲ. ಗೇರಿನ ಹಲ್ಲೂ ಹಾಗೇಮ್ಮ, ಪಿನಿಯನ್ನಿನ ಇಪ್ಪತ್ತನಾಲ್ಕು ಹಲ್ಲು ಬಡಿಸೋರು, ಚಕ್ರದ ಹಲ್ಲು ಎಲೆ, ಅಂದ್ರು. ಪಿನಿಯನ್ನಿನ ಒಂದು ಹಲ್ಲಿಗೆ ಏಟು ಬಿದ್ದಿದ್ರೆ ಆ ಏಟನ್ನ ತೊಂಬತ್ತೇಳು ಹಲ್ಲೂ ಹಂಚ್ಕೊಳ್ತವೆ.

ಮೂರು ಜೊತೇನೂ ಹೀಗೆ ಇಟ್ರೆ, ಗೇರ್‌ಬಾಕ್ಸ್ ಹೊರಟ ಜಾಗಕ್ಕೇ ಹಲ್ಲಿಗೆ ಹಲ್ಲು ಕೂಡಿಸಿ ವಾಪಸ್ ಬರೋದಕ್ಕೆ ಮೋಟರು ಏಳು ಲಕ್ಷದ ಹದಿನಾರು ಸಾವಿರ ಚಿಲ್ಲರೆ ಸುತ್ತು ತಿರುಗ್ಬೇಕು. ಬೆಳಗ್ಗೆ ಶಿಫ್ಟ್ ಶುರುವಾದಾಗ ಹಾಕಿ ನಿಲ್ಲಿಸದೆ ಓಡಿಸಿದ್ರೆ ಶಿಫ್ಟ್ ಮುಗಿದ ಮೇಲೇ. ತೊಂಬತ್ತೇಳನ್ನ ತೊಂಬತ್ತಾರು ಮಾಡಿದ್ರೆ? ಇಪ್ಪತ್ತೊಂಬತ್ತು ಸಾವಿರದ ಐನೂರ ನಲವತ್ತೆಂಟು. ಟೀ ಕುಡಿದು ಬರೋಷ್ಟರಲ್ಲಿ ಮುಗೀತು. ಒಂದೇ ಹಲ್ಲಿನ ವ್ಯತ್ಯಾಸ ನೋಡಿ.

ಇದು ಬರೀ ಪುಸ್ತಕದ ಮಾತು ಅಂತ ಅಂದ್ಕೋಬೇಡಿ. ನಾನು ಸೇರಿದ ಹೊಸದರಲ್ಲಿ ಎಣ್ಣೆ ಗಾಣದವರೊಬ್ಬರು, ರೌಂಡ್ ಫಿಗರೇ ಬೇಕು, ಇಪ್ಪತ್ತೈದು ಹಲ್ಲಿನ ಪಿನಿಯನ್ನಿಗೆ ನೂರು ಹಲ್ಲಿನ ಚಕ್ರ ಮಾಡಿಕೊಡಿ ಅಂತ ಹಟ ಹಿಡಿದ್ರು. ಬೇಡ ಅಂದ್ರೂ ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಟಕ್ ಟಕ್ ಅಂತ ಸದ್ದು ಬರುತ್ತೆ, ರಾತ್ರಿ ಅಕ್ಕಪಕ್ಕದವರು ಬೈತಾರೆ ಅಂತ ಬಂದ್ರು. ಬಿಚ್ಚಿ ನೋಡಿದ್ರೆ ನೂರರಲ್ಲಿ ನಾಲ್ಕೇ ಹಲ್ಲು ತಿಂದುಹೋಗಿವೆ, ಉಳಿದವು ಹೊಸದರ ಹಾಗಿವೆ. ಅವತ್ತು ನಾವೆಲ್ಲಾ ನಕ್ಕಿದ್ವಿ. ಗಾಣದಲ್ಲಿ ಗೇರು ಮುರಿದ್ರೆ ಗಾಣ ನಿಲ್ಲುತ್ತೆ, ಅಷ್ಟೇ. ಕ್ರೇನಲ್ಲಿ ಹಾಗಲ್ಲ. ಬ್ರೇಕು ಇರೋದು ಮೋಟರಿನ ಕಡೆ. ಮಧ್ಯದ ಗೇರು ಹೋದ್ರೆ ಬ್ರೇಕು ಹಿಡಿದ್ಕೊಂಡೇ ಇರುತ್ತೆ, ಭಾರ ಮಾತ್ರ ಕೆಳಗೆ ಬರುತ್ತೆ.

ಇನ್ನೊಂದು ಪದ್ಧತಿ ಹೇಳ್ಬೇಕು, ಈಗಿನವರಿಗೆ ಗೊತ್ತಿಲ್ಲ. ಈಗ ಕಂಪ್ಯೂಟರ್ ಮಷೀನು, ತೊಂಬತ್ತೇಳು ಅಂತ ಒತ್ತಿದ್ರೆ ತೊಂಬತ್ತೇಳು ಹಲ್ಲು ಕತ್ತರಿಸಿ ಕೊಡುತ್ತೆ. ಹಲ್ಲು ಕತ್ತರಿಸೋ ಹಳೇ ಹಾಬಿಂಗ್ ಮಷೀನಿಗೆ ಹಾಗೆ ಹೇಳೋದಕ್ಕೆ ಬರಲ್ಲ. ಅದರ ಪಕ್ಕದ ಬಾಗಿಲು ತೆಗೆದು ಚೇಂಜ್ ಗೇರು ಅಂತ ಸಣ್ಣ ಗೇರುಗಳನ್ನ ಲೆಕ್ಕ ಹಾಕಿ ಜೋಡಿಸ್ಬೇಕು. ತೊಂಬತ್ತಾರಾದ್ರೆ ಅದನ್ನ ಒಡೆದು ಎಂಟು, ಹನ್ನೆರಡು ಅಂತ ಹತ್ತು ತರಹ ಜೋಡಿಸಬಹುದು. ತೊಂಬತ್ತೇಳು ಒಡೆಯಲ್ಲ, ಹಾಗಾಗಿ ತೊಂಬತ್ತೇಳು ಹಲ್ಲಿನದೇ ಒಂದು ಚೇಂಜ್ ಗೇರು ಬೇಕೇ ಬೇಕು. ಅದು ಎಲ್ಲರ ಹತ್ರ ಇರ್ತಿರಲಿಲ್ಲ. ಅದಕ್ಕೇ ನಮ್ಮ ಬೀದಿಯ ಶಾಪುಗಳು ಒಬ್ಬರಿಗೊಬ್ಬರು ಕೊಟ್ಟು ತಗೊಂಡು ಮಾಡ್ತಿದ್ವಿ, ಮನೆಮನೆಗೆ ಹೆಪ್ಪು ಕೇಳೋ ಹಾಗೆ. ನಮ್ಮ ನೂರಾ ಹದಿಮೂರು ಹಲ್ಲಿನ ಚೇಂಜ್ ಗೇರು ಹಿಂದಿನ ಕ್ರಾಸಿನ ಶಾಪಿನವರ ಹತ್ರ ವರ್ಷಗಟ್ಟಲೆ ಇತ್ತು. ಅವರ ತೊಂಬತ್ತೇಳು ನಮ್ಮ ಹತ್ರ ಓಡಾಡ್ತಿತ್ತು. ಯಾರೂ ಬರೆದಿಟ್ಕೊಳ್ತಿರಲಿಲ್ಲ, ಯಾರೂ ಇಲ್ಲ ಅಂತಲೂ ಅಂತಿರಲಿಲ್ಲ.

ಆ ಪದ್ಧತಿ ಕೆಡಿಸಿದ್ದು ನಮ್ಮ ಓನರ್. ಹಿಂದಿನ ಕ್ರಾಸಿನವರ ಒಳ್ಳೇ ಆಪರೇಟರನ್ನ ಜಾಸ್ತಿ ಸಂಬಳ ಕೊಡ್ತೀನಿ ಅಂತ ಎಳ್ಕೊಂಡು ಬಂದ್ರು. ಆ ಶಾಪಿನವರು ಅವತ್ತೇ ಬಂದು ತಮ್ಮ ತೊಂಬತ್ತೇಳನ್ನ ತಗೊಂಡು ಹೋದ್ರು. ನಮ್ಮದೇ ಒಂದು ಮಾಡಿಸೋಣ ಅಂತ ನಾನು ಎರಡು ಮೂರು ಸಲ ಹೇಳಿದೆ. ಆಯ್ತಮ್ಮ ವಿಮಲಾ, ನೋಡೋಣ ಅಂದ್ರು. ನೋಡಲಿಲ್ಲ.

ನಾನು ರಿಟೈರ್ ಆಗೋ ಹಿಂದಿನ ವರ್ಷದ ಮಾತು. ಮಗಳ ಬಾಣಂತನಕ್ಕೆ ರಜ ಹಾಕಿದ್ದೆ. ಆಗ ತಿಂಗಳ ಕೊನೇಲಿ ಒಂದು ಕ್ರೇನ್ ಗೇರ್‌ಬಾಕ್ಸ್ ಹೋಗ್ಬೇಕಿತ್ತು. ತೊಂಬತ್ತೇಳು ಕತ್ತರಿಸೋದಕ್ಕೆ ಚೇಂಜ್ ಗೇರಿಲ್ಲ. ಬೇರೆ ದಾರಿ ಇತ್ತು, ಮಷೀನಿನ ಇನ್ನೊಂದು ಭಾಗವನ್ನ ಸೇರಿಸಿ ಸೆಟ್ ಮಾಡಬಹುದಿತ್ತು, ಸ್ವಲ್ಪ ತಲೆ ಕೆಡಿಸ್ಕೊಳ್ಳೋ ಕೆಲಸ. ಲಾರಿ ಬಂದು ನಿಂತಿತ್ತಂತೆ. ಮೂರ್ತಿ ಸಾರ್ ಆಗ ವರ್ಕ್ಸ್ ಮ್ಯಾನೇಜರ್, ವಯಸ್ಸಾದ ಮೇಲೂ ಓನರ್ ಅವರನ್ನ ಬಿಡದೆ ಇಟ್ಕೊಂಡಿದ್ರು. ಅವರು ಮಷೀನ್ ಜೋಡಿಸೋ ಸೆಟ್ಟರ್ ನಾಗರಾಜನ ಹತ್ರ ಬಂದು, ಅದೇ ಅಳತೆಯ ಚಕ್ರಕ್ಕೆ ತೊಂಬತ್ತಾರು ಹಾಕು, ನಾನು ಹೇಳ್ತಿದ್ದೀನಿ ಅಂದ್ರಂತೆ. ಸ್ವಲ್ಪ ಆಳ ಹೆಚ್ಚುಕಮ್ಮಿ ಮಾಡಿದ್ರೆ ಕೂರುತ್ತೆ. ಕೂತ್ಕೊಳ್ತು. ಲಾರಿ ಹೋಯ್ತು.

ಆ ಗೇರ್‌ಬಾಕ್ಸ್ ಕೂತ ಕ್ರೇನನ್ನ ಪೀಣ್ಯದಲ್ಲೇ ಒಂದು ಗ್ರಾನೈಟ್ ಪಾಲಿಶ್ ಶೆಡ್ಡಿಗೆ ಹಾಕಿದ್ರು. ಅದನ್ನ ಓಡಿಸ್ತಿದ್ದವನು ಶರಣಪ್ಪ, ಯಾದಗಿರಿ ಕಡೆಯವನು, ದಾಸರಹಳ್ಳಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ತಮ್ಮನ ಜೊತೆ ಇದ್ದ. ತಮ್ಮ ಭೀಮಣ್ಣನನ್ನ ಊರಿಂದ ಕರೆಸಿ ಅದೇ ಶೆಡ್ಡಲ್ಲಿ ಕೆಲಸಕ್ಕೆ ಹಾಕಿದ್ದು ಅವನೇ. ಅಣ್ಣ ಕ್ರೇನ್ ಬಟನ್ ಒತ್ತೋದು, ತಮ್ಮ ಕಲ್ಲಿಗೆ ಬೆಲ್ಟ್ ಕಟ್ಟೋದು. ಒಂದು ಮಧ್ಯಾಹ್ನ ಎತ್ತಿದ ಕಲ್ಲು ಮೇಲಿಂದ ಬಂತು. ಭೀಮಣ್ಣ ಅಲ್ಲೇ ಹೋದ. ಊರಲ್ಲಿ ಮದುವೆ ಆಗಿ ವರ್ಷ ತುಂಬಿರಲಿಲ್ಲ.

ಭಾರ ಜಾಸ್ತಿ ಎತ್ತಿದ, ಅದಕ್ಕೇ ಗೇರು ಮುರೀತು ಅಂತ ಶೆಡ್ಡಿನವರು ಹೇಳಿದ್ರು. ನಮ್ಮ ಓನರೂ ಅದನ್ನೇ ಬರೆದು ಕಳಿಸಿದ್ರು. ಕಲ್ಲು ಬಿದ್ದು ಚೂರಾಗಿತ್ತು, ಚೂರನ್ನೂ ಸಾಗಿಸಿಬಿಟ್ಟಿದ್ರು, ಇನ್ನು ತೂಕ ಹಾಕೋದಾದ್ರೂ ಎಲ್ಲಿಂದ. ಪೊಲೀಸರು ಶರಣಪ್ಪನ ಮೇಲೆ ಕೇಸು ಹಾಕಿದ್ರು. ಅವನು ಎದುರು ಮಾತಾಡದೆ ಹೌದು ಅಂದುಬಿಟ್ಟ. ಯಾರೋ ಹೇಳಿಕೊಟ್ಟಿದ್ದಕ್ಕೆ ಹಾಗಂದ ಅಂತ ನಾನು ಮೊದಲು ಅಂದ್ಕೊಂಡಿದ್ದೆ. ಅಲ್ಲ. ಅವನಿಗೆ ನಿಜವಾಗಿ ಹಾಗೇ ಅನ್ನಿಸಿತ್ತು. ಬಟನ್ ಮೇಲೆ ಇದ್ದದ್ದು ಅವನ ಬೆರಳು. ತಮ್ಮನನ್ನ ಕೊಂದವನು ನಾನೇ ಅಂತ ಅವನು ನಂಬಿದ್ದ. ಅವರವ್ವನೂ ನಂಬಿದ್ಲು, ಮಣ್ಣು ಮಾಡಿದ ದಿನದಿಂದ ಇವನ ಹತ್ರ ಮಾತು ಬಿಟ್ಟಿದ್ಲು.

ಮುರಿದ ಗೇರ್‌ಬಾಕ್ಸ್ ನಮ್ಮಲ್ಲಿಗೆ ವಾಪಸ್ ಬಂತು. ಫ್ಯಾಕ್ಟರಿ ಇಲಾಖೆಯ ಇನ್‌ಸ್ಪೆಕ್ಟರ್ ಬರೋದಕ್ಕೆ ಮುಂಚೆ ಬಿಚ್ಚಿಡಿ ಅಂತ ನನಗೆ ಹೇಳಿದ್ರು. ಮೇಲಿನ ಮುಚ್ಚಳ ತೆಗೆದೆ. ಭಾರ ಜಾಸ್ತಿ ಆಗಿ ಮುರಿದ್ರೆ ಒಂದೇ ಕಡೆ ಅಕ್ಕಪಕ್ಕದ ಹಲ್ಲು ಹೋಗ್ತವೆ, ಮುರಿದ ಜಾಗ ಪೂರ್ತಿ ಬೆಳ್ಳಗೆ ಹೊಳೀತಿರುತ್ತೆ. ಇಲ್ಲಿ ಮೊದಲ ದೊಡ್ಡ ಚಕ್ರದಲ್ಲಿ ನಾಲ್ಕು ಹಲ್ಲು ಹೋಗಿವೆ, ನಾಲ್ಕು ದಿಕ್ಕಿಗೆ ನಾಲ್ಕು. ಮುರಿದ ಜಾಗ ಕಪ್ಪಗಿದೆ, ಎಣ್ಣೆ ಇಳಿದು ಇಳಿದು ಹಳೆಯದಾದ ಬಿರುಕು, ಅಂಚಲ್ಲಿ ಮಾತ್ರ ಒಂದು ಚೂರು ಹೊಸ ಹೊಳಪು. ಪಿನಿಯನ್ ನೋಡಿದೆ. ಒಂದು ಹಲ್ಲಿನ ತುದಿಗೆ ಜೋಡಿಸುವಾಗ ಬಿದ್ದ ಸುತ್ತಿಗೆ ಏಟು. ಚಾಕ್‌ಪೀಸ್ ತಗೊಂಡು ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದೆ. ತೊಂಬತ್ತಾರು. ಎಣಿಸಿದ್ದು ತಪ್ಪಿರಲಿ ದೇವರೇ ಅಂತ ಇನ್ನೊಂದು ಸಲ ಎಣಿಸಿದೆ.

ನಾಗರಾಜನನ್ನ ಕರೆದು ಕೇಳಿದಾಗಲೇ ನನಗೆ ಆ ಲಾರಿಯ ಕತೆ ಗೊತ್ತಾಗಿದ್ದು. ನೇರ ಮೂರ್ತಿ ಸಾರ್ ರೂಮಿಗೆ ಹೋದೆ. ಬಾಗಿಲು ಹಾಕಮ್ಮ ಅಂದ್ರು. ಅಂದ್ರೆ ಅವರಿಗೆ ಆಗಲೇ ಗೊತ್ತಿತ್ತು.

"ಬಲದ ಲೆಕ್ಕ ಮಾಡಿದ್ದೆ ವಿಮಲಾ. ತೊಂಬತ್ತಾರಕ್ಕೂ ಸರಿಹೋಗ್ತಿತ್ತು."

"ಬಲದ್ದು ಸರಿಹೋಗುತ್ತೆ ಸಾರ್. ಪಂಕ್ತಿ ಲೆಕ್ಕ?"

"ನಾನು ಹೇಳಿಕೊಟ್ಟಿದ್ದನ್ನ ನನಗೇ ಹೇಳ್ಬೇಡ."

ಅಷ್ಟೇ ಮಾತು. ಗೊತ್ತಿಲ್ಲದೆ ಮಾಡಿದವರಾಗಿದ್ರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ. ಇಡೀ ಪೀಣ್ಯದಲ್ಲಿ ಆ ಒಂದು ಹಲ್ಲಿನ ಬೆಲೆ ಗೊತ್ತಿದ್ದವರು ಯಾರಾದ್ರೂ ಇದ್ರೆ ಅದು ಅವರೇ. ಲಾರಿ ಕಾಯ್ತಾ ಇದೆ ಅಂತ ಆ ಹಲ್ಲನ್ನ ಬಿಟ್ಟುಬಿಟ್ರು. ಅಳು ಬಂತು. ಅವರ ಮುಂದೆ ಅಳಬಾರದು ಅಂತ ಎದ್ದು ಬಂದೆ. ಓನರ್ ಆಮೇಲೆ ಕರೆಸಿ, ಇನ್‌ಸ್ಪೆಕ್ಟರ್ ಮುಂದೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಂದ್ರು. ಆಯ್ತು ಅಂದೆ. ಇನ್‌ಸ್ಪೆಕ್ಟರ್ ಸರಿಯಾದ್ದನ್ನೇ ಕೇಳೋ ಹಾಗೆ ಮಾಡೋದು ನನ್ನ ಕೈಲಿತ್ತು.

ವಿಚಾರಣೆ ನಮ್ಮ ಇನ್‌ಸ್ಪೆಕ್ಷನ್ ರೂಮಲ್ಲೇ ಆಯ್ತು. ಟೇಬಲ್ ಮೇಲೆ ಚಕ್ರ. ಒಂದು ಕಡೆ ಓನರ್, ಮೂರ್ತಿ ಸಾರ್, ಶೆಡ್ಡಿನ ಸೂಪರ್‌ವೈಸರ್. ಬಾಗಿಲ ಹತ್ರ ಶರಣಪ್ಪ, ಕೂರು ಅಂದ್ರೂ ಕೂರಲಿಲ್ಲ. ಜಾಮೀನಿನ ಮೇಲೆ ಹೊರಗಿದ್ದ. ಕ್ರೇನ್ ಕೆಲಸ ಯಾರೂ ಕೊಡದೆ ಲಾರಿಗೆ ಮೂಟೆ ಹೊರ್ತಿದ್ದನಂತೆ. ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವನು. ಶರಣಪ್ಪನನ್ನೇ ಮೊದಲು ಕೇಳಿದ.

"ಹೌದ್ರಿ ಸರ," ಅಂದ ಶರಣಪ್ಪ. "ಭಾರ ನಾನಾ ಜಾಸ್ತಿ ಎತ್ತೀನ್ರಿ."

ಓನರ್ ಸಮಾಧಾನವಾಗಿ ಹಿಂದಕ್ಕೆ ಒರಗಿದ್ರು. ಅದನ್ನ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಾರ್, ಈ ಚಕ್ರಕ್ಕೆ ಎಷ್ಟು ಹಲ್ಲು ಇರಬೇಕು ಅಂತ ಬಾಕ್ಸಿನ ಪ್ಲೇಟ್ ಮೇಲೆ ನೋಡಿ ಅಂದೆ. ತೊಂಬತ್ತೇಳು ಅಂತಿತ್ತು. ಈಗ ಇವನೇ ಎಣಿಸಲಿ ಅಂದೆ. ಶರಣಪ್ಪನ ಕೈಗೆ ಚಾಕ್‌ಪೀಸ್ ಕೊಟ್ಟು, ಇಲ್ಲಿಂದ ಶುರು ಮಾಡಪ್ಪ, ಮುರಿದ ಜಾಗವನ್ನೂ ಒಂದು ಅಂತಲೇ ಹಿಡಿ ಅಂದೆ. ಅವನು ಬೆರಳಿಟ್ಟು ಎಣಿಸ್ತಾ ಹೋದ. ತುಂಬಾ ಹೊತ್ತು ಹಿಡೀತು. ಮುರಿದ ಹಲ್ಲು ಬಂದಾಗಲೆಲ್ಲಾ ಅವನ ಬೆರಳು ಒಂದು ಕ್ಷಣ ನಿಲ್ತಿತ್ತು.

"ತೊಂಬತ್ತಾರ್ರಿ ಮೇಡಂ."

ಆಮೇಲೆ ನಾನು ಪಂಕ್ತಿ ಲೆಕ್ಕ ಹೇಳ್ದೆ, ಹಳೇ ಬಿರುಕಿನ ಕಪ್ಪು ತೋರಿಸ್ದೆ, ಏಟು ಬಿದ್ದ ಪಿನಿಯನ್ ಹಲ್ಲನ್ನ ಆ ನಾಲ್ಕಕ್ಕೂ ಒಂದೊಂದಾಗಿ ಕೂಡಿಸಿ ತೋರಿಸ್ದೆ. ಇಷ್ಟು ದಿನ ಕುಟ್ಟಿಸ್ಕೊಂಡ ಹಲ್ಲು ಸಣ್ಣ ಭಾರಕ್ಕೂ ಮುರೀತಿತ್ತು ಅಂದೆ. ಇನ್‌ಸ್ಪೆಕ್ಟರ್ ನನ್ನ ಮಾತನ್ನ ಬರ್ಕೊಳ್ಳಲಿಲ್ಲ. ಮೂರ್ತಿ ಸಾರ್ ಕಡೆ ತಿರುಗಿ, ತೊಂಬತ್ತೇಳೇ ಇರಬೇಕಿತ್ತಾ ಸಾರ್, ಒಂದು ಕಮ್ಮಿ ಆದ್ರೆ ಅಷ್ಟು ವ್ಯತ್ಯಾಸ ಆಗುತ್ತಾ ಅಂತ ಕೇಳ್ದ. ಓನರ್ ಮೂರ್ತಿ ಸಾರ್ ಮುಖವನ್ನೇ ನೋಡ್ತಿದ್ರು. ಮೂರ್ತಿ ಸಾರ್ ಟೇಬಲ್ ಮೇಲಿನ ಚಕ್ರದಲ್ಲಿ ಒಂದು ಮುರಿದ ಹಲ್ಲಿನ ಮೇಲೆ ಬೆರಳಿಟ್ರು.

"ಇರಬೇಕಿತ್ತು," ಅಂದ್ರು. "ಬದಲಾಯಿಸಿದ್ದು ನಾನು."

ಮಾರನೇ ದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ನಾನು ಅವರ ಮನೆಗೂ ಹೋಗಲಿಲ್ಲ. ಕೊನೇಲಿ ನಿಜ ಹೇಳಿದ್ರಲ್ಲ ಅಂತ ಕೆಲವರು ಹೊಗಳ್ತಾರೆ. ಇರಬಹುದು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಓನರ್ ಎತ್ತಂಗಡಿ ಮಾಡಿದ್ರಿಂದ ನನ್ನ ಕೊನೇ ವರ್ಷ ಸ್ಟೋರ್ಸ್‌ನಲ್ಲಿ ಬೋಲ್ಟು ನಟ್ಟು ವಿಂಗಡಿಸ್ತಾ ಕಳೀತು, ಅದಕ್ಕೆ ನನಗೆ ಬೇಜಾರಿಲ್ಲ. ನಿಮಗೆ ಹೇಳೋದು ಇಷ್ಟೇ. ನಿಮ್ಮ ಮಷೀನಿಗೆ ತೊಂಬತ್ತೇಳೂ ಒಂದೇ, ತೊಂಬತ್ತಾರೂ ಒಂದೇ, ಒತ್ತಿದ್ದನ್ನ ಕತ್ತರಿಸುತ್ತೆ. ಆರಿಸೋರು ನೀವು. ಸಂಖ್ಯೆ ಒತ್ತೋದಕ್ಕೆ ಮುಂಚೆ ಅದನ್ನ ಒಡೆದು ನೋಡಿ, ಅದರ ಜೊತೆಗಾರ ಸಂಖ್ಯೇನೂ ಒಡೆದು ನೋಡಿ. ಎರಡರಲ್ಲೂ ಒಂದೇ ತುಂಡು ಸಿಕ್ತು ಅಂದ್ರೆ ಕೈ ಹಿಂದಕ್ಕೆ ತಗೊಳ್ಳಿ.

ಶರಣಪ್ಪನ ಮೇಲಿನ ಕೇಸು ಆಮೇಲೆ ಬಿದ್ದುಹೋಯ್ತು. ವಿಚಾರಣೆ ಮುಗಿದ ಆ ದಿನವೇ ಗೇಟಿನ ಹೊರಗೆ ಟೀ ಅಂಗಡಿ ಹತ್ರ ಅವನು ನನಗೋಸ್ಕರ ಕಾಯ್ತಾ ನಿಂತಿದ್ದ. ಭಾರ ಜಾಸ್ತಿ ಇರಲಿಲ್ಲ ಅಂತ ಖರೇನಾ ಮೇಡಂ ಅಂತ ಕೇಳ್ದ. ಭಾರ ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲಪ್ಪ, ಆದ್ರೆ ಮುರಿದದ್ದು ನಿನ್ನಿಂದ ಅಲ್ಲ, ಅದು ಖಂಡಿತ ಅಂದೆ. ಅವನ ಮುಖದಲ್ಲಿ ಅವತ್ತು ಮೊದಲನೇ ಸಲ ಜೀವ ಕಂಡಿತು. ನಮ್ಮವ್ವಗ ಒಂದ್ ಮಾತು ನೀವೂ ಹೇಳ್ರಿ, ನಾ ಹೇಳಿದ್ರ ನಂಬಲ್ಲ ಅಂದ. ಪಕ್ಕದ ಮನೆಯವರ ಫೋನಿಗೆ ಮಾಡಿ, ಅವ್ವನನ್ನ ಕರೆಸಿ, ಸ್ಪೀಕರ್ ಹಾಕಿದ.

"ಯವ್ವಾ, ಗೇರಿನಾಗ ಒಂದ್ ಹಲ್ಲು ಕಮ್ಮಿ ಇತ್ತು. ನಾನಾ ಎಣಿಸೀನಿ. ನನ್ನಿಂದ ಅಲ್ಲಂತ. ಇಲ್ಲಿ ಮೇಡಂ ಅದಾರ, ಕೇಳು."

ನಾನು ಫೋನಿನ ಹತ್ರ ಬಗ್ಗಿ, ಹೌದಮ್ಮ, ನಿಮ್ಮ ಮಗನ ತಪ್ಪಿಲ್ಲ, ಸರ್ಕಾರದವರೇ ನೋಡಿದ್ದಾರೆ ಅಂದೆ. ಆಮೇಲೆ ಆಕೆ ಮಾತಾಡಿದ್ಲು, ಸಿಟ್ಟಿನ ದನಿಯಲ್ಲ, ಗೊತ್ತಿಲ್ಲದೆ ಕೇಳೋರ ಹಾಗೆ ಕೇಳಿದ್ಲು.

"ಅಂವನ್ನ ಬೆಂಗಳೂರಿಗಿ ಕರ್ಕೊಂಡ್ ಹೋದಾಂವ ಯಾಂವಪ್ಪ?"

ಶರಣಪ್ಪ ನನ್ನ ಕಡೆ ನೋಡ್ದ.

"ನಾನಾ ಕರ್ಕೊಂಡ್ ಬಂದೀನಿ ಯವ್ವಾ," ಅಂದ.